ಮೂಗು ಮೇಡಂ ಮನೆಯ ಟ್ರಫಲ್ ಎಣ್ಣೆ

ಗ್ಯಾಸ್ ಏಜೆನ್ಸಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಬರೀ ‘ಮೇಡಂ’, ಬೆನ್ನ ಹಿಂದೆ ‘ಮೂಗು ಮೇಡಂ’. ಬೆನ್ನ ಹಿಂದಿನದು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಸುಮ್ಮನಿದ್ದಳು, ಯಾಕೆಂದರೆ ಒಳಗೊಳಗೇ ಅದು ಅವಳಿಗೆ ಹಿತವಾಗಿತ್ತು. ಮನೆಮನೆಗೆ ಹೋಗಿ ಸಿಲಿಂಡರು, ರೆಗ್ಯುಲೇಟರು, ಪೈಪು, ಒಲೆ ನೋಡಿ ಎಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಹೇಳುವುದು ಅವಳ ಕೆಲಸ. ಏಜೆನ್ಸಿಯವರು ಅದಕ್ಕೆಂದೇ ಒಂದು ಮಷೀನು ಕೊಟ್ಟಿದ್ದರು. ಆ ಮಷೀನು ಎಚ್ಚರಗೊಂಡು ಕುಂಯ್ ಎನ್ನುವ ಮೊದಲೇ ಅವಳು ಹೊಸ್ತಿಲಲ್ಲಿ ನಿಂತು, “ಎಡಗಡೆ ಬರ್ನರು. ಎಷ್ಟು ದಿನದಿಂದ ಹೀಗಿದೆ?” ಎಂದು ಕೇಳಿಬಿಡುತ್ತಿದ್ದಳು. ಅಂಥ ಮೂಗು. ಕೋಪವೂ ಅದೇ ಮೂಗಿನ ತುದಿಯಲ್ಲೇ ಇತ್ತು.

ಬೈಯುವುದರಲ್ಲಂತೂ ಅವಳದು ಎತ್ತಿದ ಕೈ. ಬಿರುಕು ಬಿಟ್ಟ ಪೈಪು ಕಂಡರೆ ಸಾಕು, ಮನೆ ಯಾರದು, ಯಜಮಾನ ಎಂಥ ದೊಡ್ಡ ಮನುಷ್ಯ ಎಂದೆಲ್ಲ ನೋಡುತ್ತಿರಲಿಲ್ಲ. “ಏನ್ರೀ ಇದು, ನಿಮ್ಮ ಮದುವೇಲಿ ಉಡುಗೊರೆ ಬಂದ ಪೈಪಾ? ಗೋಡೆಯಗಲ ಟೀವಿ ತರೋಕೆ ಆಗುತ್ತೆ, ಎರಡು ಮೊಳ ರಬ್ಬರ್ ತರೋಕೆ ಕೈ ಬರಲ್ವಾ? ನಾಳೆ ಬರ್ತೀನಿ. ಇದೇ ಪೈಪು ಇದ್ರೆ ಒಲೆನೇ ಎತ್ಕೊಂಡು ಹೋಗ್ತೀನಿ, ನೋಡ್ತಿರಿ.” ಒಲೆ ಎತ್ತಿಕೊಂಡು ಹೋಗುವ ಅಧಿಕಾರ ಅವಳಿಗೆ ಇರಲೇ ಇಲ್ಲ. ಅದು ಆ ಮನೆಯವರಿಗೆ ಗೊತ್ತಿರಲಿಲ್ಲವಾದ್ದರಿಂದ ಮರುದಿನ ಹೊಸ ಪೈಪು ಬಂದಿರುತ್ತಿತ್ತು. ಬೈಸಿಕೊಂಡವರು ಹೊಟ್ಟೆ ಉರಿಸಿಕೊಂಡು ಏಜೆನ್ಸಿಗೆ ದೂರು ಕೊಡುತ್ತಿದ್ದರು. ಏಜೆನ್ಸಿಯ ಸೂಪರ್‌ವೈಸರು, “ಸ್ವಲ್ಪ ನಯವಾಗಿ ಹೇಳಿ ಮೇಡಂ” ಎನ್ನುತ್ತಿದ್ದ. ಅವಳು ಅವನಿಗೂ ಬೈಯುತ್ತಿದ್ದಳು.

ನಯವಾಗಿ ಹೇಳಿಯೂ ನೋಡಿದ್ದಳು, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ಅವಳಿಗೆ ಮಾತು ಮೆತ್ತಗಿತ್ತು, ಹೋದಲ್ಲೆಲ್ಲ ಅಕ್ಕ, ಅಣ್ಣ ಎನ್ನುತ್ತಿದ್ದಳು. ಒಂದು ಮನೆಯಲ್ಲಿ ಪೈಪು ಗಟ್ಟಿಯಾಗಿ, ಬಗ್ಗಿಸಿದರೆ ಚಟ್ ಎನ್ನುವಂತಿತ್ತು. “ಅಕ್ಕಾ, ಇದನ್ನ ಬದಲಾಯಿಸಿದ್ರೆ ಒಳ್ಳೇದು” ಎಂದಳು. “ಆಯ್ತಮ್ಮ, ನೋಡೋಣ” ಎಂದರು ಆ ಅಕ್ಕ. ಕುಡಿಯಲು ನೀರು ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ಬಾಗಿಲ ತನಕ ಬಂದು ಕಳಿಸಿದರು. ನೋಡುವುದು ಹಾಗೇ ಉಳಿಯಿತು. ಆಮೇಲೆ ಅವಳು ಆ ಅಕ್ಕನನ್ನು ನೋಡಿದ್ದು ಆಸ್ಪತ್ರೆಯಲ್ಲಿ, ಎರಡು ಕೈಗೂ ಮೊಣಕೈ ತನಕ ಬಟ್ಟೆ ಸುತ್ತಿ ಮಲಗಿಸಿದ್ದಾಗ. ಅಲ್ಲಿಂದ ಆಚೆ ಬಂದವಳಿಗೆ ಆ ಮನೆಯವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ತನ್ನ ಮೆತ್ತಗಿನ ನಾಲಿಗೆಯ ಮೇಲೆ ಬಂತು. ಅಂದೇ ಅದಕ್ಕೆ ಎಳ್ಳುನೀರು ಬಿಟ್ಟಳು. ಬೈದರೆ ಜನ ಬದುಕುತ್ತಾರೆ, ನಕ್ಕರೆ ಸುಟ್ಟುಕೊಳ್ಳುತ್ತಾರೆ ಎಂಬುದು ಅವಳ ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಕೆಲಸದಲ್ಲಿ ಅದು ಸರಿಯೇ ಇತ್ತು ಅನ್ನಿ. ಕಷ್ಟವೆಂದರೆ, ಹೊರಗೆ ಬೈದು ಬಂದ ಬಾಯಿ ಮನೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೆ ಉಳಿಯುವುದಿಲ್ಲ. ಒಳಗೂ ಬರುತ್ತದೆ.

ಒಳಗೆ ಇದ್ದದ್ದು ಗಂಡ ಒಬ್ಬನೇ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಗಂಡ ದೊಡ್ಡ ಹೋಟೆಲೊಂದರಲ್ಲಿ ವೇಯ್ಟರ್ ಆಗಿದ್ದವನು. ಅಂಥಿಂಥ ಹೋಟೆಲಲ್ಲ. ಬಾಗಿಲು ತೆರೆಯುವುದಕ್ಕೇ ಒಬ್ಬ, ಮುಚ್ಚುವುದಕ್ಕೇ ಒಬ್ಬ ಇರುವಂಥದ್ದು. ಅಲ್ಲಿ ಅವನು ಕಪ್ಪು ಕೋಟು ತೊಟ್ಟು, ತೋಳಿನ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು, ವಯಸ್ಸೆಲ್ಲ ತಟ್ಟೆ ಹೊತ್ತ. ಮಂಡಿಚಿಪ್ಪು ಸವೆದು, ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಸ್ಥಿತಿಗೆ ಬಂದಾಗ ಹೋಟೆಲಿನವರು ಒಂದು ಹಾರ ಹಾಕಿ ಮನೆಗೆ ಕಳಿಸಿದರು. ಮನೆಯಲ್ಲಿ ಕೂತವನು ಅಡುಗೆ ಹಿಡಿದ. ಹೆಂಡತಿ ಊರೆಲ್ಲ ಮೆಟ್ಟಿಲು ಹತ್ತಿ ಇಳಿದು ಬರುತ್ತಾಳೆ, ಬಂದಾಗ ಬಿಸಿಯಾಗಿ ಏನಾದರೂ ಇರಲಿ ಎಂಬುದು ಅವನ ಲೆಕ್ಕ. ಒಳ್ಳೆಯ ಮನುಷ್ಯ. ಬೈದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಅದಕ್ಕೂ ಅವಳಿಗೆ ಕೋಪ ಬರುತ್ತಿತ್ತು.

ಅವನಿಗೆ ಒಂದು ಆಸೆ ಇತ್ತು. ಹೋಟೆಲಿನಲ್ಲಿ ಕೆಲವು ತಟ್ಟೆಗಳನ್ನು ಅಡುಗೆಮನೆಯಿಂದ ಆಚೆ ಕಳಿಸುವ ಮುಂಚೆ ಹೆಡ್‌ಕುಕ್ಕು ಒಂದು ಪುಟ್ಟ ಬಾಟಲಿಯಿಂದ ಎರಡೇ ತೊಟ್ಟು ಎಣ್ಣೆ ಬಿಡುತ್ತಿದ್ದ. ಟ್ರಫಲ್ ಎಣ್ಣೆ. ಟ್ರಫಲ್ ಎಂದರೆ ಮರದ ಬೇರಿನ ಹತ್ತಿರ ಮಣ್ಣೊಳಗೆ ಬೆಳೆಯುವ ಒಂದು ಜಾತಿಯ ಅಣಬೆ, ನಾಯಿಗಳು ಮೂಸಿ ಮೂಸಿ ಹುಡುಕಿ ತೆಗೆಯುತ್ತವೆ. ಆ ವಾಸನೆ ಮೂಗಿಗೆ ಬಡಿಯುವಾಗ ಅವನ ಬಾಯಲ್ಲಿ ನೀರೂರುತ್ತಿತ್ತು. ಊರಿದ ನೀರನ್ನು ನುಂಗಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಮೇಜಿನ ತನಕ ನಡೆಯಬೇಕು. ತಟ್ಟೆಯದನ್ನು ಬೆರಳಿಗೆ ತಾಗಿಸಿ ನೆಕ್ಕಿದವನಿಗೆ ಅಲ್ಲಿ ಕೆಲಸ ಉಳಿಯುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ವಾಸನೆ ಮಾತ್ರ ಕುಡಿದವನು, ಒಂದು ದಿನ ದೊಡ್ಡ ಅಂಗಡಿಯ ಕಪಾಟಿನಲ್ಲಿ, ಸಾಸ್ ಬಾಟಲಿಗಳ ಪಕ್ಕದಲ್ಲಿ, ಕೆಮ್ಮಿನ ಔಷಧದಷ್ಟು ಗಾತ್ರದ ಆ ಬಾಟಲಿಯನ್ನು ಕಂಡ. ಬೆಲೆ ನೋಡಿ ಕಪಾಟಿಗೆ ವಾಪಸ್ಸಿಟ್ಟ. ಬಾಗಿಲ ತನಕ ಹೋಗಿ ತಿರುಗಿ ಬಂದು ತೆಗೆದುಕೊಂಡ. ಹೆಂಡತಿಗೆ ಬಡಿಸಬೇಕು, ಹೋಟೆಲಿನ ಹಾಗೇ ಬಡಿಸಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ.

ಆದರೆ ಅವನು ತಟ್ಟೆ ಹೊತ್ತವನೇ ಹೊರತು ಒಲೆಯ ಮುಂದೆ ನಿಂತವನಲ್ಲ. ಎಣ್ಣೆ ಎಂದಮೇಲೆ ಬಾಣಲೆಗೆ ಹಾಕುವುದೇ ತಾನೆ ಎಂದುಕೊಂಡ. ಸಂಜೆ ಅವಳು ಬರುವ ಹೊತ್ತಿಗೆ ಬಾಣಲೆ ಕಾಯಿಸಿ, ಬಾಟಲಿಯಿಂದ ಧಾರಾಳವಾಗಿ ಸುರಿದು, ಮೇಲೆ ಮೊಟ್ಟೆ ಒಡೆದ. ಆ ಎಣ್ಣೆಯನ್ನು ಬೆಂಕಿಗೆ ತೋರಿಸಲೇಬಾರದು. ತೋರಿಸಿದರೆ ಪರಿಮಳವೆಲ್ಲ ಹಾರಿ ತಟ್ಟೆ ಬಿಟ್ಟು ಮೆಟ್ಟಿಲಿಗೆ ಹೋಗುತ್ತದೆ. ಹೋಯಿತು.

ಅವಳು ಕೆಳಗಿನ ಮೆಟ್ಟಿಲಲ್ಲಿದ್ದಳು. ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚೀಲ ಅಲ್ಲೇ ಬಿತ್ತು. ಗ್ಯಾಸಿಗೆ ತನ್ನದೇ ಆದ ವಾಸನೆಯಿಲ್ಲ. ಸೋರಿದಾಗ ಗೊತ್ತಾಗಲಿ ಎಂದು ಅದರಲ್ಲಿ ಒಂದು ನಾತ ಬೆರೆಸಿರುತ್ತಾರೆ. ಆ ನಾತಕ್ಕೂ ಈ ಎಣ್ಣೆಯ ಪರಿಮಳಕ್ಕೂ ಅಕ್ಕತಂಗಿಯರ ಹೋಲಿಕೆ. ಅದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರಲು ಕಾರಣವೂ ಇರಲಿಲ್ಲ. “ಗ್ಯಾಸ್! ಎಲ್ರೂ ಕೆಳಗಿಳೀರಿ! ಸ್ವಿಚ್ ಮುಟ್ಟಬೇಡಿ!” ಎಂದು ಕಟ್ಟಡ ಹಾರಿಹೋಗುವಂತೆ ಕೂಗಿದಳು. ಬಾಗಿಲು ಬಾಗಿಲು ಬಡಿದಳು. ಎದುರು ಮನೆಯ ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓಡಿಬಂದಳು. ಮೇಲಿನ ಮನೆಯ ಮೇಷ್ಟ್ರು ತಲೆಯಲ್ಲಿ ಸಾಬೂನಿನ ನೊರೆ ಇದ್ದ ಹಾಗೇ, ಟವೆಲ್ ಒಂದನ್ನು ನಂಬಿಕೊಂಡು ಬೀದಿಗೆ ಬಂದರು. ಅವಳು ಮಷೀನು ಹಿಡಿದು ಮೆಟ್ಟಿಲಲ್ಲೆಲ್ಲ ಆಡಿಸಿದಳು. ಮಷೀನು ಏನೂ ಅನ್ನಲಿಲ್ಲ. ಅದಕ್ಕೆ ಎರಡೇಟು ಹಾಕಿದಳು. ಆಗಲೂ ಅನ್ನಲಿಲ್ಲ. “ಹಾಳು ಮಷೀನು, ಕೆಟ್ಟಿದೆ!” ಎಂದಳು, ಬೀದಿಯಲ್ಲಿ ನಿಂತ ಅಷ್ಟೂ ಜನರ ಮುಂದೆ.

ಆಗ ಗಂಡ ಬಂದ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, ತೋಳಿನ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ತಟ್ಟೆ. ಗಲಾಟೆ ಯಾಕೆಂದು ಅವನಿಗಿನ್ನೂ ಅರ್ಥವಾಗಿರಲಿಲ್ಲ. “ಇಲ್ಲೇ ಇದೀಯಾ? ಬಾ, ಆರೋಗುತ್ತೆ” ಎಂದ. ತಟ್ಟೆಯಿಂದ ಆ ವಾಸನೆ ಎದ್ದು ಬೀದಿಯವರ ಮೂಗಿಗೆಲ್ಲ ಬಡಿಯಿತು. ಆಮೇಲೆ ಟೈಲರಮ್ಮ ಬಾಯಿಂದ ಪಿನ್ನು ತೆಗೆದು ಕೈಯಲ್ಲಿಟ್ಟುಕೊಂಡು ನಗಲು ಶುರುಮಾಡಿದಳು. ಮೇಷ್ಟ್ರು ಟವೆಲ್ ಹಿಡಿದುಕೊಂಡು ನಕ್ಕರು. ಬೀದಿಯೇ ನಕ್ಕಿತು. ತಮ್ಮ ಜೀವ ಉಳಿಸಲು ಒಬ್ಬಳು ಗಂಟಲು ಹರಿದುಕೊಂಡಳಲ್ಲ ಎಂದು ಒಬ್ಬರಿಗಾದರೂ ಅನಿಸಬೇಕಿತ್ತು. ಅನಿಸಲಿಲ್ಲ. ಜನಕ್ಕೆ ನಗು ಸಿಕ್ಕರೆ ಬೇರೆ ಏನೂ ಬೇಕಾಗುವುದಿಲ್ಲ.

ಅವಳು ಒಳಗೆ ಹೋದವಳೇ ಬಾಟಲಿಯನ್ನು ಸಿಂಕಿಗೆ ಸುರಿದಳು. ಸುರಿಯುತ್ತಾ ಬೈದಳು, ಸುರಿದಾದ ಮೇಲೂ ಬೈದಳು, ಸಿಂಕು ತೊಳೆಯುತ್ತಾ ಬೈದಳು. “ನನ್ನ ಮಾನ ಹರಾಜು ಹಾಕೋಕೆ ಅಂತಾನೇ ತಂದ್ರಾ ಇದನ್ನ? ಊರಿಗೆಲ್ಲ ಬುದ್ಧಿ ಹೇಳೋಳ ಮನೇಲಿ ಇದಾ ಆಗೋದು? ನಾಲಿಗೆ ರುಚಿ ಬೇಕಾಗಿತ್ತಾ ನಿಮಗೆ, ಈ ವಯಸ್ಸಲ್ಲಿ?” ಗಂಡ ತಟ್ಟೆಯನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತಿದ್ದ. ಮೊಟ್ಟೆ ಆರಿ ತಣ್ಣಗಾಯಿತು. ಅದನ್ನು ಯಾರೂ ತಿನ್ನಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಅವಳ ಕೋಪಕ್ಕೆ ಕಾರಣವಿತ್ತು, ಒಳ್ಳೆಯ ಕಾರಣವೇ ಇತ್ತು. ಗ್ಯಾಸಿನ ನಾತ ಬಂದಾಗ ಮನುಷ್ಯನ ಮೈ ತಾನಾಗಿಯೇ ಬೆಚ್ಚಬೇಕು. ಆ ನಾತ ದಿನಾ ಊಟದ ತಟ್ಟೆಯಿಂದಲೂ ಬರಲು ಶುರುವಾದರೆ ಮೂಗು ಅದನ್ನು ತನ್ನದಾಗಿ ಮಾಡಿಕೊಂಡು ಬೆಚ್ಚುವುದನ್ನೇ ಮರೆಯುತ್ತದೆ. ಹಗಲೆಲ್ಲ ಒಬ್ಬನೇ ಇರುವ, ಓಡಲು ಕಾಲಿಲ್ಲದ ಗಂಡ ಅದನ್ನು ಮರೆತರೆ? ಸಿಂಕಿನ ಮುಂದೆ ನಿಂತವಳ ಹೊಟ್ಟೆಯೊಳಗೆ ಇದ್ದದ್ದು ಈ ಭಯ. ಈ ನಾಲ್ಕು ಮಾತನ್ನು ಹೇಳಿದ್ದರೆ ಅವನು ಅರ್ಥ ಮಾಡಿಕೊಳ್ಳುತ್ತಿದ್ದ. ಹೇಳಲಿಲ್ಲ. ಬಾಯಿಗೆ ಬಂದದ್ದು ಮಾನ, ಮರ್ಯಾದೆ, ಟೈಲರಮ್ಮನ ನಗು. ಹಾಗಾಗಿ ಗಂಡನಿಗೆ ಅರ್ಥವಾದದ್ದು ಇಷ್ಟೇ: ವಾಸನೆ ಹೊರಗೆ ಹೋಗಬಾರದು.

ಏಜೆನ್ಸಿಗೆ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಸಿಲಿಂಡರ್ ಹೊರುವವರು ಅವಳನ್ನು ಕಂಡ ಕೂಡಲೇ ಮೂಗೆಳೆದು, “ಮೇಡಂ, ಎಲ್ಲೋ ಆಮ್ಲೆಟ್ ಸೋರ್ತಾ ಇದೆ” ಎನ್ನತೊಡಗಿದರು. ಸೂಪರ್‌ವೈಸರು ಮಷೀನನ್ನು ರಿಪೇರಿಗೆ ಕಳಿಸಲೇ ಎಂದು ಗಂಭೀರವಾಗಿ ಕೇಳಿ, ತಿರುಗಿ ಕೂತು ಹೆಗಲು ಕುಣಿಸಿದ. ಮೂಗು ಮೇಡಂ ಎಂಬ ಹೆಸರನ್ನು ಈಗ ಎದುರಿಗೇ ಕರೆಯುತ್ತಿದ್ದರು. ಯಾವುದನ್ನು ಅವಳು ಒಡವೆಯ ಹಾಗೆ ಒಳಗೆ ಇಟ್ಟುಕೊಂಡಿದ್ದಳೋ ಅದನ್ನು ಎಲ್ಲರೂ ಎಳೆದಾಡಿ ಆಟಿಕೆ ಮಾಡಿಕೊಂಡರು. ಎಲ್ಲಕ್ಕಿಂತ ಮೈ ಉರಿಸುತ್ತಿದ್ದವಳು ಟೈಲರಮ್ಮ. ಗಂಡ ಒಲೆಯ ಮೇಲೆ ಬೇಳೆ ಇಟ್ಟರೂ ಸರಿ, ಹಾಲು ಕಾಯಿಸಿದರೂ ಸರಿ, ಎದುರು ಬಾಗಿಲಿನಿಂದ, “ಮೇಡಂ, ಇಳೀಬೇಕಾ, ಇರಬಹುದಾ?” ಎಂದು ಕೂಗು. ಅವಳು ಒಳಗೆ ಬಂದು ಹಲ್ಲು ಕಡಿಯುತ್ತಿದ್ದಳು. ಟೈಲರಮ್ಮನಿಗೆ ಹೇಳಬೇಕಾದ್ದನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು.

ಮುಂದಿನದನ್ನು ಅವಳು ತಿಳಿದದ್ದು ಎಲ್ಲ ಮುಗಿದ ಮೇಲೆ, ಗಂಡನ ಬಾಯಿಂದಲೇ. ಅವನು ಹಳೆಯ ಹೋಟೆಲಿನ ಹೆಡ್‌ಕುಕ್ಕಿಗೆ ಫೋನ್ ಮಾಡಿದ್ದ. ಹೆಡ್‌ಕುಕ್ಕು ವಿಷಯ ಕೇಳಿ, “ಅಯ್ಯೋ ನಿನ್ನ, ಬಾಣಲೆಗಾ ಹಾಕಿದೆ? ಅಷ್ಟು ವರ್ಷ ಕಣ್ಣು ಬಿಟ್ಕೊಂಡು ಏನು ನೋಡ್ದೆ?” ಎಂದು ಬೈದು, ಆಮೇಲೆ ನಿಧಾನವಾಗಿ ಹೇಳಿಕೊಟ್ಟನಂತೆ. ಬೆಂಕಿಗೆ ತೋರಿಸಬೇಡ, ಒಲೆ ಆರಿಸಿ ತಟ್ಟೆಗೆ ಬಡಿಸಿದ ಮೇಲೆ ತೊಟ್ಟು ಬಿಡು. ಎರಡೇ ತೊಟ್ಟು, ಮೂರನೆಯದು ದುರಾಸೆ. ಬಿಸಿಲು ಬೀಳದ, ಬೆಚ್ಚಗಿರದ ಕಡೆ ಇಡು, ಮುಚ್ಚಳ ಬಿಗಿ ಮಾಡು. ಸೀಲು ಒಡೆದ ಮೇಲೆ ತುಂಬಾ ದಿನ ಇಟ್ಟುಕೊಂಡು ಪೂಜೆ ಮಾಡಬೇಡ, ಪರಿಮಳ ಹೋಗಿ ಬರೀ ಎಣ್ಣೆ ಉಳಿಯುತ್ತದೆ. ಇನ್ನೊಂದು ವಿಷಯ, ಈ ಅಗ್ಗದ ಬಾಟಲಿಗಳಲ್ಲಿ ಅಣಬೆಯೂ ಇಲ್ಲ, ಗಿಣಬೆಯೂ ಇಲ್ಲ, ವಾಸನೆ ಬೆರೆಸಿದ ಎಣ್ಣೆ ಅಷ್ಟೆ. ತನ್ನ ಕೈಗೆ ಎಟುಕದಷ್ಟು ದುಬಾರಿಯಾದದ್ದನ್ನು ಅಗ್ಗದ್ದು ಎಂದು ಕರೆದದ್ದು ಕೇಳಿ ಅವನಿಗೆ ನಗು ಬಂತಂತೆ. ಮರುದಿನವೇ ಹೋಗಿ ಇನ್ನೊಂದು ಬಾಟಲಿ ತಂದ.

ತಂದದ್ದನ್ನು ಇಡುವುದೆಲ್ಲಿ? ಮೊದಲು ಶೂ ಪೆಟ್ಟಿಗೆಯಲ್ಲಿಟ್ಟ. ಅವಳು ಸಂಜೆ ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿ, “ಏನೋ ಇದೆ ಇಲ್ಲಿ” ಎಂದು ನಿಂತಳು. ಆಮೇಲೆ ಮಂಚದ ಕೆಳಗಿನ ಸೂಟ್‌ಕೇಸಿಗೆ ಸಾಗಿಸಿದ. ಅಲ್ಲಿ ಅವಳ ಸೀರೆಗಳಿಗೆ ಹತ್ತಿತು. ಅವಳು ಸಿಂಕಿನ ತಳದಲ್ಲಿ ಹಳೆಯದು ಉಳಿದಿರಬೇಕು ಎಂದು ಬಿಸಿನೀರು ಸುರಿದು ಸುರಿದು ಬೆರಳು ಸುಟ್ಟುಕೊಂಡಳು. “ಮತ್ತೆ ತಂದಿದೀರಾ? ಹೇಳಿ, ಮುಖ ನೋಡಿ ಹೇಳಿ” ಎಂದು ದಿನಾ ಸಂಜೆ ವಿಚಾರಣೆ. “ಇಲ್ಲ ಕಣೆ” ಎನ್ನುತ್ತಿದ್ದ. ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಎರಡು ತೊಟ್ಟು ಎಣ್ಣೆಗಾಗಿ ಅದನ್ನೂ ಕಲಿತ. ಮಧ್ಯಾಹ್ನ ಅವಳು ಇಲ್ಲದಾಗ ಆಲೂಗೆಡ್ಡೆ ಬೇಯಿಸಿ ಕಿವುಚಿ, ತಟ್ಟೆಗೆ ಹಾಕಿ, ವಾಸನೆ ಟೈಲರಮ್ಮನಿಗೆ ಹೋಗದ ಹಾಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಎರಡು ತೊಟ್ಟು ಬಿಟ್ಟುಕೊಂಡು ತಿನ್ನುತ್ತಿದ್ದ. ತಿಂದ ಮೇಲೆ ಮೋಂಬತ್ತಿ ಹಚ್ಚಿಡುತ್ತಿದ್ದ, ವಾಸನೆಯನ್ನು ಉರಿ ತಿನ್ನುತ್ತದೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದರಂತೆ. ವಯಸ್ಸೆಲ್ಲ ದುಡಿದವನೊಬ್ಬ ತನ್ನ ಮನೆಯಲ್ಲಿ ತನ್ನ ತಟ್ಟೆಯನ್ನು ಕದ್ದು ತಿನ್ನುವುದೆಂದರೆ! ನೆನೆದರೆ ನನಗೇ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಅವನಿಗೆ ಒಳ್ಳೆಯ ಜಾಗ ಹೊಳೆಯಿತು. ಅಡುಗೆ ಕಟ್ಟೆಯ ಕೆಳಗೆ, ಸಿಲಿಂಡರಿನ ಹಿಂದೆ. ತಂಪು, ಕತ್ತಲೆ, ಹೆಡ್‌ಕುಕ್ಕು ಹೇಳಿದ ಹಾಗೇ. ಹೆಂಡತಿ ಎಲ್ಲರ ಮನೆಯ ಸಿಲಿಂಡರಿನ ಹಿಂದೆ ಬಗ್ಗಿ ನೋಡುತ್ತಾಳೆ, ತನ್ನ ಮನೆಯದರ ಹಿಂದೆ ನೋಡಿದ್ದನ್ನು ಅವನು ಕಂಡೇ ಇರಲಿಲ್ಲ. ಅದು ನಿಜವೂ ಆಗಿತ್ತು. ದಿನವಿಡೀ ಬೇರೆಯವರ ಪೈಪು ತಿಕ್ಕಿ ನೋಡಿ ಬಂದವಳಿಗೆ ಮನೆಯಲ್ಲಿ ಅದರ ಮುಖ ನೋಡುವುದೂ ಬೇಡವಾಗಿತ್ತು. ಅಲ್ಲಿದ್ದ ಪೈಪು ಯಾವ ಕಾಲದ್ದೋ.

ಒಂದು ದಿನ ಮಧ್ಯಾಹ್ನ ಅವಳು ಯಾರದೋ ಮನೆಯ ಒಲೆಯ ಮುಂದೆ ಕೂತು ಬ್ರಷ್ಷಿನಿಂದ ಸೋಪಿನ ನೀರು ಹಚ್ಚುತ್ತಿದ್ದಾಗ ಫೋನ್ ಬಂತು. ಟೈಲರಮ್ಮ.

“ಮೇಡಂ, ಕೆಲಸದಲ್ಲಿದೀರಾ? ಏನಿಲ್ಲ, ಯಜಮಾನ್ರು ಇವತ್ತು ಬಹಳ ಭರ್ಜರಿಯಾಗಿ ಅಡುಗೆ ಮಾಡ್ತಿರೋ ಹಾಗಿದೆ. ವಾಸನೆ ನಮ್ಮನೆ ತನಕ ಬರ್ತಿದೆ. ನಾವು ಕೆಳಗೆ ಇಳೀಬೇಕಾ ಅಂತ ಕೇಳೋಣ ಅಂತ ಮಾಡ್ದೆ.”

ಹಿಂದೆ ಯಾರೋ ನಗುವುದೂ ಕೇಳಿಸಿತು. ಅವಳು ಫೋನ್ ಕುಕ್ಕಿ, ಬ್ರಷ್ಷನ್ನು ಡಬ್ಬಿಗೆಸೆದು, ಆ ಮನೆಯವರಿಗೆ ಒಂದು ಮಾತನ್ನೂ ಹೇಳದೆ ಹೊರಟಳು. ಸಿಕ್ಕಿಬಿದ್ದರು ಯಜಮಾನರು. ಇಷ್ಟು ದಿನ ಮುಖ ನೋಡಿ ಸುಳ್ಳು ಹೇಳಿದರಲ್ಲ, ಇವತ್ತು ಬಾಟಲಿ ಕೈಯಲ್ಲಿರುವಾಗಲೇ ಹಿಡಿಯುತ್ತೇನೆ. ಆಟೋದಲ್ಲಿ ಕೂತು ಬೈಗುಳವನ್ನು ಜೋಡಿಸಿಕೊಂಡಳು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ದನಿ ಎತ್ತಬೇಕು, ಎಲ್ಲಿ ನಿಲ್ಲಿಸಿ ಅವರ ಮುಖ ನೋಡಬೇಕು ಎಲ್ಲ. ಮಗಳಿಗೂ ಫೋನ್ ಮಾಡಿ, “ನಿಮ್ಮಪ್ಪ ಎಂಥೋರು ಅಂತ ಇವತ್ತು ನಿನಗೂ ಗೊತ್ತಾಗ್ಲಿ” ಎಂದಳು. “ಅಮ್ಮಾ, ಒಂದು ಎಣ್ಣೆ ಬಾಟಲಿಗೆ ಯಾಕಮ್ಮಾ...” ಎಂದು ಮಗಳು ಶುರುಮಾಡುವಷ್ಟರಲ್ಲಿ ಅವಳಿಗೂ ಒಂದಿಷ್ಟು ಬಿತ್ತು.

ಮೆಟ್ಟಿಲು ಹತ್ತುವಾಗ ವಾಸನೆ ಬಂತು. ಬಂದಾಗ ಅವಳಿಗೆ ಏನನಿಸಿತು ಗೊತ್ತೆ? ಸಂತೋಷ. ಸಾಕ್ಷಿ ಸಿಕ್ಕಿತು ಎಂಬ ಸಂತೋಷ. ಊರಿನ ಅಷ್ಟೂ ಅಡುಗೆಮನೆಗಳಲ್ಲಿ ತಪ್ಪದ ಆ ಮೂಗು ತನ್ನ ಮನೆಯ ಬಾಗಿಲಿಗೆ ಬಂದು, ಎಣ್ಣೆ, ಎಂದು ಹೇಳಿತು. ಅವಳು ಅದನ್ನು ನಂಬಿದಳು. ಬಾಗಿಲ ಮುಂದೆ ನಿಂತು ಉಸಿರು ಎಳೆದುಕೊಂಡು, ಮೊದಲನೆಯ ಮಾತನ್ನು ನಾಲಿಗೆಯ ಮೇಲೆ ಸಿದ್ಧ ಮಾಡಿಕೊಂಡು, ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದಳು.

ಬಗ್ಗಿದ ಕಡೆ ವಾಸನೆ ಹೆಚ್ಚಿತ್ತು.

ಮತ್ತೆ ಎದ್ದು ನಿಂತಳು. ಕಡಿಮೆ. ಮತ್ತೆ ಬಗ್ಗಿದಳು. ಹೆಚ್ಚು. ಅಡುಗೆಯ ವಾಸನೆ ಮೇಲಕ್ಕೇಳುತ್ತದೆ, ಗ್ಯಾಸು ನೆಲ ಹಿಡಿಯುತ್ತದೆ. ಹೊಸಬರಿಗೆ ಅವಳು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಬಾಗಿಲ ಕೆಳಗಿನ ಸಂದಿಯಲ್ಲಿ ಒದ್ದೆ ಬಟ್ಟೆ ಬಿಗಿಯಾಗಿ ತುರುಕಿತ್ತು, ಅದನ್ನೂ ದಾಟಿ ನಾತ ಹೊರಗೆ ಬರುತ್ತಿತ್ತು.

ಬೆಲ್ಲಿನ ಕಡೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಬೀಗದ ಕೈಯಿಂದ ಬಾಗಿಲು ತೆರೆದಳು. ಒಳಗೆ ಕಣ್ಣು ಉರಿಯುವಷ್ಟು ನಾತ. ಎಲ್ಲ ಕಿಟಕಿಗಳೂ ಮುಚ್ಚಿದ್ದವು, ಪರದೆ ಕೂಡ ಎಳೆದಿತ್ತು. ಅಡುಗೆಮನೆಯ ನೆಲದ ಮೇಲೆ ಗಂಡ ಮೊಣಕಾಲೂರಿ, ತಲೆ ತಗ್ಗಿಸಿ, ಸಿಲಿಂಡರಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಮುಚ್ಚಳ ಬಿಗಿದ ಆ ಬಾಟಲಿ. ಮೇಲೆ ಕಟ್ಟೆಯ ಅಂಚಿನಲ್ಲಿ ಮೋಂಬತ್ತಿ, ಅದರ ಪಕ್ಕದಲ್ಲಿ ಬೆಂಕಿಪೊಟ್ಟಣ. ಒರೆಸಲು ಕೂತವನಿಗೆ ಮಂಡಿ ಹಿಡಿದುಕೊಂಡು ಮೇಲೇಳಲು ಆಗಿರಲಿಲ್ಲ. ಎದ್ದಿದ್ದರೆ ಹಚ್ಚುತ್ತಿದ್ದ.

ಅವಳನ್ನು ಕಂಡು ಅವನು ಆಡಿದ ಮೊದಲ ಮಾತು, “ಬೈಬೇಡ ಕಣೆ, ಒರೆಸ್ತಾ ಇದೀನಿ” ಎಂದು. “ಮುಚ್ಚಳ ಸರಿಯಾಗೇ ಹಾಕಿದ್ದೆ. ಎಲ್ಲಿ ಚೆಲ್ತೋ ಗೊತ್ತಾಗ್ತಿಲ್ಲ. ಆಗಲೇ ಒರೆಸ್ತಿದೀನಿ, ಹೋಗ್ತಾನೇ ಇಲ್ಲ. ಕಿಟಕಿ ಮುಚ್ಚಿದೀನಿ, ಟೈಲರಮ್ಮಂಗೆ ಹೋಗಿರಲ್ಲ.”

ಅವಳು ರೆಗ್ಯುಲೇಟರ್ ತಿರುಗಿಸಿ ಮುಚ್ಚಿದಳು. ಬಾಟಲಿ ತೆಗೆಯಲು ಅವನು ಸಿಲಿಂಡರನ್ನು ಮುಂದಕ್ಕೆ ಎಳೆದಾಗ ಒಲೆಯ ಕಡೆಯ ತುದಿಯಲ್ಲಿ ಪೈಪು ಸೀಳಿಕೊಂಡಿತ್ತು. ಬಿರುಕು ಬಿಟ್ಟು, ಗಟ್ಟಿಯಾಗಿ, ಬಗ್ಗಿಸಿದರೆ ಚಟ್ ಎನ್ನುವಂಥ ಪೈಪು. ಕಿಟಕಿಗಳನ್ನು ಒಂದೊಂದಾಗಿ ಬಡಿದು ತೆರೆದಳು. ಬೆಂಕಿಪೊಟ್ಟಣವನ್ನು ಕುಪ್ಪಸದೊಳಗೆ ತುರುಕಿಕೊಂಡಳು. ಗಂಡನ ಎರಡು ಕಂಕುಳಿಗೆ ಕೈ ಹಾಕಿ, ಹಿಂದಕ್ಕೆ ನಡೆಯುತ್ತಾ, ಅಕ್ಕಿ ಮೂಟೆ ಎಳೆದ ಹಾಗೆ ಎಳೆದು ಬಾಗಿಲಿನಿಂದ ಆಚೆ ತಂದಳು. ಅವನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಿಟ್ಟಿರಲಿಲ್ಲ.

ಟೈಲರಮ್ಮ ತನ್ನ ಬಾಗಿಲಲ್ಲಿ ನಗು ಸಿದ್ಧ ಮಾಡಿಕೊಂಡು ನಿಂತಿದ್ದವಳು ಈ ಜೋಡಿಯನ್ನು ನೋಡಿ ಬಾಯಿ ಮುಚ್ಚಿದಳು. ಗಂಡನಿಗೆ ಆಗಲೂ ಹೆಂಡತಿಯದೇ ಯೋಚನೆ. ಉಸಿರು ಎಳೆಯುತ್ತಲೇ, “ಏನಿಲ್ಲಮ್ಮ, ಗ್ಯಾಸಲ್ಲ. ನಂದೇ ಎಣ್ಣೆ ಚೆಲ್ತು. ಇವಳದೇನೂ ತಪ್ಪಿಲ್ಲ” ಎಂದ.

“ಗ್ಯಾಸೇ” ಎಂದಳು ಅವಳು. ದನಿ ಅವಳಿಗೇ ಗುರುತು ಸಿಗಲಿಲ್ಲ. “ಗ್ಯಾಸೇ ಟೈಲರಮ್ಮ. ನಮ್ಮನೇದೇ ಪೈಪು. ನಾನೇ ನೋಡಿರಲಿಲ್ಲ. ಎಲ್ರನ್ನೂ ಕರ್ಕೊಂಡು ಕೆಳಗಿಳೀರಿ.”

ಯಾರೂ ನಗಲಿಲ್ಲ. ಸದ್ದಿಲ್ಲದೆ ಇಳಿದರು. ಅವಳು ಗಂಡನನ್ನು ತೋಳಿಗೆ ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿ, ಬೀದಿಯಾಚೆಯ ಕಟ್ಟೆಯ ಮೇಲೆ ಕೂರಿಸಿದಳು. ಗಾಳಿ ಚೆನ್ನಾಗಿತ್ತು. ಅವನು ಎರಡು ಸಲ ವಾಂತಿ ಮಾಡಿಕೊಂಡ. ಆಮೇಲೆ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಕೂತು ಎಲ್ಲವನ್ನೂ ಹೇಳಿದ: ಹೆಡ್‌ಕುಕ್ಕಿನ ಫೋನು, ಶೂ ಪೆಟ್ಟಿಗೆ, ಸೂಟ್‌ಕೇಸು, ಆಲೂಗೆಡ್ಡೆ, ಮೋಂಬತ್ತಿ. “ಗ್ಯಾಸ್ ಇರಬಹುದು ಅಂತ ಒಂದ್ಸಲನೂ ಅನ್ನಿಸ್ಲಿಲ್ವಾ ನಿಮಗೆ?” ಎಂದು ಕೇಳಿದಳು. “ಅನ್ನಿಸ್ತು” ಎಂದ ಅವನು. “ಒಂದ್ಸಲ ಅನ್ನಿಸ್ತು. ಗ್ಯಾಸಾಗಿದ್ರೇ ವಾಸಿ, ಬೈಯಲ್ಲ ಅಂದ್ಕೊಂಡೆ.”

ಅವಳಿಗೆ ಕೋಪ ಬಂತು. ಹುಟ್ಟಿದಾಗಿನಿಂದ ಇಂಥ ಕೋಪ ಬಂದಿರಲಿಲ್ಲ. ಅದು ಎದ್ದು ಯಾರ ಮೇಲೆ ಬೀಳಲಿ ಎಂದು ಸುತ್ತ ನೋಡಿತು. ಟೈಲರಮ್ಮ ಅಲ್ಲೇ ಇದ್ದಳು, ಗಂಡ ಇಲ್ಲೇ ಇದ್ದ, ಎಣ್ಣೆ ಮಾಡಿದವರು, ಪೈಪು ಮಾಡಿದವರು, ನಕ್ಕವರು ಎಲ್ಲರೂ ಎಲ್ಲೋ ಒಂದು ಕಡೆ ಇದ್ದರು. ಯಾರ ಮೇಲೂ ಅದು ಬೀಳಲಿಲ್ಲ. ತಿರುಗಿ ಬಂದು ಅವಳೊಳಗೇ ಕೂತು ಉರಿಯಿತು.

ಗಂಡನ ತುಟಿ ಒಣಗಿತ್ತು. ಟೈಲರಮ್ಮ ತಂದುಕೊಟ್ಟ ಚೊಂಬು ಅವಳ ಕೈಯಲ್ಲಿತ್ತು. ಸ್ವಲ್ಪ ನೀರು ಕುಡೀರಿ ಎಂದು ಹೇಳಲು ಅವಳು ಅವನ ಕಡೆ ತಿರುಗಿ ಬಾಯಿ ತೆರೆದಳು.

ಅವನು ಹೆಗಲು ಕುಗ್ಗಿಸಿ ಕಣ್ಣು ಮುಚ್ಚಿಕೊಂಡ.